ಅಬೂ ರಾಕಾನನ ತಲೆಯ ಹಿಂದಿನ ಗೋಡೆ

ಅಮ್ಮಾನ್ ನಗರದ ಜೋಫೆ ಗುಡ್ಡದಲ್ಲಿ ಇವತ್ತು ಯಾರ ಮನೆಯಲ್ಲಿ ಬೆಂಡೆಕಾಯಿ ಬೇಯುತ್ತಿದೆ, ಯಾರ ಮನೆಯಲ್ಲಿ ಬರೀ ಹೊಟ್ಟೆಕಿಚ್ಚು ಬೇಯುತ್ತಿದೆ ಎಂಬುದು ಇನ್ಶಿರಾಹಳಿಗೆ ಗೊತ್ತಿರುತ್ತಿತ್ತು. ಅದಕ್ಕಾಗಿ ಅವಳು ಯಾರ ಬಾಗಿಲಿಗೂ ಕಿವಿಯಿಟ್ಟವಳಲ್ಲ. ದೇವರು ಕೆಲವರಿಗೆ ಕಂಠ ಕೊಡುತ್ತಾನೆ, ಕೆಲವರಿಗೆ ಕೈಗುಣ. ಇನ್ಶಿರಾಹಳಿಗೆ ಕಣ್ಣು ಕೊಟ್ಟಿದ್ದ. ಹರೆಯದಿಂದ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಜಾ ಹಾಕಿದಳು. ಕಾರ್ಖಾನೆ ಮುಚ್ಚಿತು. ಗುಂಡಿ ಸಿಗದ ಕಾಜಾದ ಹಾಗೆ ಅವಳು ಉಳಿದುಕೊಂಡಳು: ವಯಸ್ಸು ನಲವತ್ತೇಳು, ಮದುವೆಯಾಗಿಲ್ಲ, ತೀರಿಹೋದ ತಮ್ಮನ ಹೆಂಡತಿ ನುಹಾದಳ ಜೊತೆ ಎರಡು ಕೋಣೆಯ ಮನೆ, ಮತ್ತು ಕೆಲಸವಿಲ್ಲದ ಎರಡು ಕಣ್ಣು.

"ಊರ ಉಸಾಬರಿಯೆಲ್ಲಾ ನಿಂಗೇ ಬೇಕು ನೋಡು," ಎಂದು ನುಹಾದ್ ಬೈಯುತ್ತಿದ್ದಳು. "ಅದಕ್ಕೆ ಯಾರಾದ್ರೂ ಸಂಬಳ ಕೊಡೋ ಹಾಗಿದ್ದಿದ್ರೆ ನಾವು ಇಷ್ಟೊತ್ತಿಗೆ ಶ್ರೀಮಂತರಿರೋ ಅಬ್ದೂನ್‌ನಲ್ಲಿ ಬಂಗಲೆ ಕಟ್ಟಿ, ಕೆಳಗಿನ ಮಹಡಿ ಬಾಡಿಗೆಗೆ ಕೊಟ್ಟಿರ್ತಿದ್ವಿ."

ಸಂಬಳ ಕೊಡುವವರು ಸಿಕ್ಕರು. ಬಂಗಲೆಯಷ್ಟಲ್ಲ, ಬಸ್ಸಿನ ಚಾರ್ಜು ಕಳೆದು ಬೇಳೆಕಾಳಿಗೆ ಆಗುವಷ್ಟು. ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ವಿಭಾಗದ ಡಾಕ್ಟರ್ ರುದೈನಾ, ಸಿಗರೇಟು ಕಂಪನಿಗಳು ಶಾಲೆಗಳ ಸುತ್ತಲಿನ ಅಂಗಡಿಗಳಲ್ಲಿ ಹೇಗೆ ಗಾಳ ಹಾಕುತ್ತವೆ ಎಂದು ಅಧ್ಯಯನ ಮಾಡುತ್ತಿದ್ದಳು. ಗಿರಾಕಿಯ ಹಾಗೆ ಅಂಗಡಿಗೆ ಹೋಗಬೇಕು. ಯಾವ ಪ್ಯಾಕು ಎಷ್ಟು ಎತ್ತರದಲ್ಲಿದೆ, ಮಿಠಾಯಿಯ ಮಗ್ಗುಲಲ್ಲಿ ಏನು ಮಲಗಿದೆ, ಹೊರಗಿನ ಕೊಡೆಯ ಮೇಲೆ ಯಾರ ಬಣ್ಣವಿದೆ ಎಂದು ನೋಡಬೇಕು. ವಾರಕ್ಕೆ ಮೂರು ಸಲ ಅದೇ ಗೋಡೆಯ ಫೋಟೋ ತೆಗೆಯಬೇಕು. ಕೇಳುವ ಪ್ರಶ್ನೆಗಳೆಲ್ಲ ತಲೆಯಲ್ಲೇ ಇರಬೇಕು, ಏಕೆಂದರೆ ಕಾಗದ ಕಂಡರೆ ಅಂಗಡಿಯವರು ತೆರಿಗೆಯವಳೆಂದು ತಿಳಿದು ಷಟರ್ ಎಳೆಯುತ್ತಾರೆ.

"ಯಾವ ಅಂಗಡಿ ನೋಡ್ತಿದೀವಿ ಅಂತ ಒಂದು ಇರುವೆಗೂ ಗೊತ್ತಾಗಬಾರದು," ಎಂದಳು ಡಾಕ್ಟರ್. "ಗೊತ್ತಾದ ಮಾರನೇ ದಿನ ಅಲ್ಲಿ ಬರೀ ಬೇಳೆ ಪಾಕೀಟು ಜೋಡಿಸಿಟ್ಟಿರ್ತಾರೆ. ಮನೆಯವರಿಗೂ ಹೇಳೋ ಹಾಗಿಲ್ಲ. ಆಗುತ್ತಾ?"

"ನಾನು ನೋಡಿದ್ದು ನನ್ನ ಕಣ್ಣಿಗೆ ಬಿಟ್ರೆ ನನ್ನ ಬಾಯಿಗೂ ಗೊತ್ತಾಗಲ್ಲ ಡಾಕ್ಟ್ರೇ," ಎಂದು ಇನ್ಶಿರಾಹ್ ಎದೆ ಮುಟ್ಟಿ ಆಣೆ ಮಾಡಿದಳು. ನುಹಾದಳಿಗೆ ತರಕಾರಿ ಬೆಲೆಯ ಸಮೀಕ್ಷೆ ಎಂದು ಹೇಳಿದಳು. ಸ್ವಂತ ಗುಡ್ಡ ಬೇಡವೆಂದು ಪಕ್ಕದ ತಾಜ್ ಗುಡ್ಡ ಕೊಟ್ಟರು. ಅವಳ ಪಾಲಿಗೆ ಬಂದ ಅಂಗಡಿಗಳಲ್ಲಿ ಮುಖ್ಯವಾದದ್ದು ಅಬೂ ರಾಕಾನನದು. ಹುಡುಗಿಯರ ಶಾಲೆಯ ಮೆಟ್ಟಿಲು ಇಳಿದರೆ ಮೊದಲು ಸಿಗುವುದೇ ಅದು.

ಅಬೂ ರಾಕಾನ್ ಹೆಂಡತಿ ತೀರಿಹೋದವನು, ವಯಸ್ಸು ಐವತ್ತರ ಮೇಲೆ, ಅಗಲವಾದ ತಲೆ, ಆ ಅಗಲಕ್ಕೆ ತಕ್ಕ ಮೀಸೆ. ಅವನು ಕೂರುವ ಕುರ್ಚಿಯ ಹಿಂದೆ ಗೋಡೆ ತುಂಬ ಗಾಜಿನ ಕಪಾಟು. ಒಳಗೆ ನೀಲಿ ದೀಪ. ದೀಪದಲ್ಲಿ ಪ್ಯಾಕುಗಳು ಸಾಲಾಗಿ, ಮದುವಣಗಿತ್ತಿಯ ಗೆಳತಿಯರ ಹಾಗೆ ನಿಂತಿದ್ದವು. ನಟ್ಟ ನಡುವಿನ ಸಾಲಿನಲ್ಲಿ ಮಾವಿನ ಹಣ್ಣು, ಕಲ್ಲಂಗಡಿ, ಬಬಲ್ ಗಮ್ ಎಂದೆಲ್ಲ ರುಚಿ ಹೇಳಿಕೊಳ್ಳುವ ಹೊಸ ಹೊಗೆಕೊಳವೆಗಳು. ಡಾಕ್ಟರಿಗೆ ಬೇಕಾಗಿದ್ದುದು ಆ ನಡುಸಾಲು. ಆ ನಡುಸಾಲಿನ ಎದುರಿಗೆ, ಗೆರೆ ಎಳೆದು ಇಟ್ಟ ಹಾಗೆ, ಅಬೂ ರಾಕಾನನ ತಲೆ. ನೀಲಿ ಬೆಳಕು ಸುತ್ತಲೂ ಚೆಲ್ಲಿ, ಪವಾಡ ಮಾಡಲು ತಯಾರಾದ ಸಂತನಂತೆ ಕಾಣುತ್ತಿದ್ದ.

ಮೊದಲ ಫೋಟೋದಲ್ಲಿ ಅರ್ಧ ಕಪಾಟು, ಅರ್ಧ ಮೀಸೆ ಬಂತು.

"ಸ್ವಲ್ಪ ಸರೀರಿ" ಎನ್ನುವ ಹಾಗಿಲ್ಲ. ಇನ್ಶಿರಾಹ್ ದಾರಿ ಹುಡುಕಿದಳು. ಚೂಯಿಂಗ್ ಗಮ್ಮಿನ ಡಬ್ಬಿ ಅವನ ಕಾಲ ಬಳಿ, ಕೆಳಗಿನ ಗೂಡಿನಲ್ಲಿತ್ತು. ಗಮ್ ಕೇಳಿದರೆ ಅವನು ಬಗ್ಗಬೇಕು. ಬಗ್ಗಿದಾಗ ಗೋಡೆ ಬಯಲಾಗುತ್ತದೆ. ಬಯಲಾದ ಗಳಿಗೆಯಲ್ಲಿ, ಬಂದ ಮೆಸೇಜು ಓದುವವಳಂತೆ ಫೋನ್ ಎತ್ತಿ ಒತ್ತಿದರಾಯಿತು. ಉಪಾಯ ಎರಡು ವಾರ ನಡೆಯಿತು. ಮೂರನೆಯ ವಾರ ಅವಳು ಮೆಟ್ಟಿಲಿನಲ್ಲಿ ಕಂಡ ಕೂಡಲೇ ಅಬೂ ರಾಕಾನ್ ಗಮ್ ತೆಗೆದು ಮೇಜಿನ ಮೇಲಿಟ್ಟು, ನೆಟ್ಟಗೆ ಕೂತು ಕಾಯತೊಡಗಿದ.

"ನಿಮ್ಮನ್ನ ಕಾಯಿಸಬಾರದು ಅಂತ ಮೊದಲೇ ತೆಗೆದಿಟ್ಟೆ," ಎಂದ.

"ಬೆಂಕಿಪೊಟ್ಣ?"

"ಅದೂ ಇಲ್ಲೇ ಇದೆ."

"ಬಟ್ಟೆ ಒಣಹಾಕೋ ಕ್ಲಿಪ್ಪು?"

"ಬರ್ತೀರಿ ಅಂತ ಗೊತ್ತಿತ್ತಲ್ಲ, ಎಲ್ಲಾ ಜೋಡಿಸಿಟ್ಟಿದೀನಿ."

ಸೌಜನ್ಯದ ಮುಂದೆ ವಿಜ್ಞಾನ ಸೋತಿತು. ಮನೆಯಲ್ಲಿ ಗಮ್ಮಿನ ಪೊಟ್ಟಣಗಳು ರಾಶಿ ಬಿದ್ದವು. "ನಮ್ಮಿಬ್ಬರ ಬಾಯಲ್ಲಿರೋ ಹಲ್ಲಿಗೆ ಇಷ್ಟು ಗಮ್ಮಾ?" ಎಂದು ನುಹಾದ್ ಬೆರಗಾದಳು.

ಇನ್ನೊಂದು ಫೋಟೋ ಮಕ್ಕಳ ಕಣ್ಣಿನ ಎತ್ತರದಿಂದ ಬೇಕಿತ್ತು. ಇನ್ಶಿರಾಹ್ ಷೂ ಲೇಸು ಕಟ್ಟುವವಳಂತೆ ಕುಕ್ಕರುಗಾಲಲ್ಲಿ ಕೂತು ಕ್ಲಿಕ್ಕಿಸುತ್ತಿದ್ದಳು. ಅವಳು ಹಾಕಿಕೊಳ್ಳುತ್ತಿದ್ದುದು ಲೇಸಿಲ್ಲದ ಚಪ್ಪಲಿ. ಲೇಸಿಲ್ಲದ ಚಪ್ಪಲಿಗೆ ಲೇಸು ಕಟ್ಟುವುದು ಲೇಸಲ್ಲ ಎಂದು ಅವಳಿಗೆ ಹೊಳೆಯಲಿಲ್ಲ. ಅಬೂ ರಾಕಾನನಿಗೆ ಹೊಳೆಯಿತು. ಹೆಂಗಸು ಬರುತ್ತಾಳೆ, ಮುಖವನ್ನೇ ನೆಟ್ಟ ಕಣ್ಣಿಂದ ನೋಡುತ್ತಾಳೆ, ಆಮೇಲೆ ನಾಚಿಕೆಯಾಗಿ ನೆಲಕ್ಕೆ ಕುಸಿಯುತ್ತಾಳೆ. ಇದಕ್ಕೆ ಬೇರೆ ಅರ್ಥವಿದ್ದರೆ ತಾಜ್ ಗುಡ್ಡದಲ್ಲಿ ಯಾರಾದರೂ ಹೇಳಲಿ.

ಅವಳ ಪ್ರಶ್ನೆಗಳಂತೂ ಕೇಳುವುದೇ ಬೇಡ.

"ಈ ಕಪಾಟು ನಿಮ್ಮ ಸ್ವಂತದ್ದಾ, ಯಾರಾದ್ರೂ ಕೊಟ್ಟಿದ್ದಾ?"

"ಸ್ವಂತದ್ದು!"

"ದೀಪ?"

"ನನ್ನದೇ!"

"ಕೊಡೆ?"

"ಎಲ್ಲಾ ನನ್ನ ದುಡಿಮೆ. ಯಾರ ಹಂಗಿನಲ್ಲೂ ಇಲ್ಲ ನಾನು."

"ತಿಂಗಳಿಗೆ ಯಾರಾದ್ರೂ ಬಂದು ಏನಾದ್ರೂ ಕೊಡ್ತಾರಾ? ಅಂಗಡಿಗೆ ಮಕ್ಕಳು ತುಂಬಾ ಬರ್ತಾರಾ?"

ಹೆಣ್ಣಿನ ಕಡೆಯವರು ಗಂಡಿನ ಬಗ್ಗೆ ವಿಚಾರಿಸುವುದು ಇದನ್ನೇ, ಇದೇ ಕ್ರಮದಲ್ಲಿ. ಏನಿದೆ, ಯಾರದ್ದು, ಸಾಲವೆಷ್ಟು, ಮಕ್ಕಳನ್ನು ಕಂಡರೆ ಹೇಗೆ. ಈ ಹೆಂಗಸಿಗೆ ಕೇಳುವ ಗಂಡಸರಿಲ್ಲ, ಪಾಪ, ತಾನೇ ಧೈರ್ಯಮಾಡಿ ಬಂದಿದ್ದಾಳೆ ಎಂದು ಅವನಿಗೆ ಎದೆ ತುಂಬಿ ಬಂತು. ಅಲ್ಲಿಯವರೆಗೆ "ಯಾ ಉಖ್ತೀ", ತಂಗೀ, ಎನ್ನುತ್ತಿದ್ದವನು ಒಂದು ಸೋಮವಾರ ಅದನ್ನು ಬಿಟ್ಟು "ಯಾ ಸಿತ್ತ್" ಎಂದ. ತಂಗಿಯಿಂದ ಶ್ರೀಮತಿಗೆ ಬಡ್ತಿ. ಹೆಣ್ಣಾದವಳು ಯಾರೇ ಆಗಲಿ ಆ ಕ್ಷಣಕ್ಕೆ ಕಿವಿ ನಿಮಿರಿಸುತ್ತಿದ್ದಳು. ಇಡೀ ಗುಡ್ಡದ ಗುಟ್ಟು ಬಲ್ಲ ಇನ್ಶಿರಾಹ್ ಮಾತ್ರ, ನಡುಸಾಲಿನಲ್ಲಿ ಹೊಸದಾಗಿ ದ್ರಾಕ್ಷಿ ರುಚಿ ಬಂದಿದೆಯೇ ಎಂದು ಅವನ ಕಿವಿಯ ಪಕ್ಕದಿಂದ ಇಣುಕುತ್ತಿದ್ದಳು. ಮೀಸೆ ಕಪ್ಪಾಗಿದ್ದು ಕಂಡಿತು, ಹಬ್ಬಕ್ಕಿರಬೇಕು ಎಂದುಕೊಂಡಳು. ಅತ್ತರಿನ ವಾಸನೆ ಬಂತು. ಸೋಪಿನ ಪೆಟ್ಟಿಗೆ ಒಡೆದಿರಬೇಕು ಎಂದುಕೊಂಡಳು. ಕಣ್ಣಿಡಲು ಸಂಬಳ ಪಡೆದವಳು ಕಣ್ಣು ಹಾಕಿದ್ದಾಳೆಂದು ಹೆಸರು ಪಡೆಯುತ್ತಿದ್ದುದು ಅವಳಿಗೆ ಕಾಣಲೇ ಇಲ್ಲ.

ಫೋಟೋಗಳಲ್ಲಿ ಮನುಷ್ಯರ ಮುಖ ಇರಬಾರದೆಂಬುದು ಅಧ್ಯಯನದ ನಿಯಮ. ಡಾಕ್ಟರ್ ರುದೈನಾ ಕಂಪ್ಯೂಟರಿನಲ್ಲಿ ಮುಖಗಳ ಮೇಲೆ ಬೂದು ಬಿಲ್ಲೆ ಇಡುತ್ತಿದ್ದಳು.

"ಇನ್ಶಿರಾಹ್, ಈ ಮನುಷ್ಯನಿಗೆ ಇಡೋ ಬಿಲ್ಲೆ ವಾರದಿಂದ ವಾರಕ್ಕೆ ದೊಡ್ಡದಾಗ್ತಿದೆ. ಅವನು ಹತ್ರ ಬರ್ತಿದಾನೋ, ನೀವು ಹತ್ರ ಹೋಗ್ತಿದೀರೋ?"

"ತಲೆ ಎತ್ತಿ ಕೂತ್ಕೋತಾನೆ ಡಾಕ್ಟ್ರೇ. ಏನು ಮಾಡಿದ್ರೂ ಬಗ್ಗಲ್ಲ."

"ಇನ್ನೊಂದು. ಎಲ್ಲಾ ಅಂಗಡಿಯವರೂ ಕಪಾಟು ಕಂಪನಿ ಕೊಟ್ಟಿದ್ದು ಅಂತಾರೆ. ಇವನೊಬ್ಬ ಮಾತ್ರ ಸ್ವಂತದ್ದು ಅಂತಾನೆ. ಶಾಲೆಗೆ ಎಲ್ಲಕ್ಕಿಂತ ಹತ್ರ ಇರೋ ಅಂಗಡಿ ಇದು. ನಾಳೆ ಕಂಪನಿಯವರು ಇದನ್ನೇ ಹಿಡ್ಕೊಂಡು, ನೋಡಿ ನಾವೇನೂ ಕೊಡಲ್ಲ ಅಂದ್ರೆ?"

ಅದರ ಮರುವಾರ ಒಂದು ದಿನ ಇನ್ಶಿರಾಹ್ ಹೋದಾಗ ಕುರ್ಚಿಯಲ್ಲಿ ಅಬೂ ರಾಕಾನ್ ಇರಲಿಲ್ಲ. ಚಿಕ್ಕಪ್ಪನ ಮಗನಂತೆ, ಕುಳ್ಳ, ಸಣಕಲ. ಅವನ ತಲೆಯ ಮೇಲಿಂದ, ಎಡದಿಂದ, ಬಲದಿಂದ ಗೋಡೆಗೆ ಗೋಡೆಯೇ ಕಾಣುತ್ತಿತ್ತು. "ಅಬೂ ರಾಕಾನ್‌ಗೆ ಹಲ್ಲುನೋವು," ಎಂದ. ಇನ್ಶಿರಾಹ್ ಇಡೀ ಕಪಾಟಿನ ಫೋಟೋ ಹೊಡೆದಳು, ನಿಚ್ಚಳ, ಅಂಚಿನಿಂದ ಅಂಚಿಗೆ. "ಇಷ್ಟು ದಿನದಲ್ಲಿ ಅತ್ಯುತ್ತಮ ಫೋಟೋ," ಎಂದು ಡಾಕ್ಟರ್ ಹೊಗಳಿದಳು. ಆದರೂ ಅವತ್ತೆಲ್ಲ ಇನ್ಶಿರಾಹಳಿಗೆ ಸಿಡಿಮಿಡಿ. ನುಹಾದ್ ಮಾಡಿದ ಮಸೂರ ಬೇಳೆಯಲ್ಲಿ ಉಪ್ಪಿಲ್ಲವೆಂದು ಜಗಳ ತೆಗೆದಳು. ಉಪ್ಪಿತ್ತು.

ಆ ವಾರವೇ ಅಬೂ ರಾಕಾನನ ಅಕ್ಕ ಇವರ ಮನೆ ಹುಡುಕಿಕೊಂಡು ಬಂದು, ನುಹಾದಳ ಕೈಯ ಕಾಫಿ ಕುಡಿದು, ಸೋಫಾದ ಹೊಲಿಗೆ ನೋಡಿ, ಒಂದು ಡಬ್ಬಿ ಇಟ್ಟು ಹೋದಳು. ಡಬ್ಬಿಯಲ್ಲಿ ಲೇಸಿನ ಷೂಗಳು. "ತಮ್ಮ ಹೇಳಿದ, ಅವರಿಗೆ ಬೇಕು ಅನ್ಸುತ್ತೆ ಅಂತ."

ನುಹಾದ್ ಕುಣಿಯುವುದೊಂದು ಬಾಕಿ. ಮರುದಿನವೇ ಜೆರಾಷಿನಿಂದ ಇನ್ಶಿರಾಹಳ ಸೋದರಮಾವ ಶಿಹಾದೆಯನ್ನು ಕರೆಸಿದಳು. ಎಂಬತ್ತು ದಾಟಿದ ಮುದುಕ, ಕಿವಿಯ ಹಿಂದೆ ಸದಾ ಒಂದು ಸಿಗರೇಟು, ಕಿವಿಯೊಳಗೆ ಏನೂ ಹೋಗದು.

"ಮಗಳೇ, ತಾಜ್ ಗುಡ್ಡದ ಅಬೂ ರಾಕಾನ್ ನಿನ್ನ ಕೈ ಹಿಡೀತೀನಿ ಅಂತಿದಾನೆ. ಒಪ್ಪಿಗೇನಾ?"

ಇನ್ಶಿರಾಹಳ ಬಾಯಿ ತೆರೆಯಿತು. ನಾನು ನೋಡಿದ್ದು ಕಪಾಟನ್ನು ಎನ್ನಬೇಕು. ಎಂದರೆ ಯಾವ ಕಪಾಟು, ಯಾಕೆ ಎನ್ನುತ್ತಾರೆ. ಆಣೆ ಮುರಿಯುತ್ತದೆ. ಬಾಯಿ ಮುಚ್ಚಿತು.

"ಹಾಗಾದ್ರೆ ವಾರಕ್ಕೆ ಮೂರು ಸಲ ಆ ಗುಡ್ಡ ಹತ್ತಿ ಒಂದೊಂದು ಗಮ್ ತರ್ತಿದ್ದೆ ಯಾಕೆ?" ಎಂದಳು ನುಹಾದ್, ಸೊಂಟದ ಮೇಲೆ ಕೈಯಿಟ್ಟು. "ತರಕಾರಿ ಸಮೀಕ್ಷೆಯಂತೆ! ಗಮ್ ಯಾವ ಬಳ್ಳೀಲಿ ಬಿಡುತ್ತೆ?"

ಇನ್ಶಿರಾಹ್ ಮತ್ತೂ ಸುಮ್ಮನಿದ್ದಳು.

"ಅಲ್‌ಹಮ್ದುಲಿಲ್ಲಾ," ಎಂದು ಮಾವ ಕೈಯೆತ್ತಿದ. "ಕನ್ಯೆಯ ಮೌನವೇ ಸಮ್ಮತಿ. ಹಿಂದಿನಿಂದ ಬಂದ ಮಾತು." ಆ ಮಾತು ಹದಿನೇಳರ ಹುಡುಗಿಯರಿಗೆಂದು ಹುಟ್ಟಿದ್ದಿರಬಹುದು, ನಲವತ್ತೇಳಕ್ಕೆ ಸಲ್ಲದೆಂದು ಯಾರೂ ಹೇಳಿಲ್ಲವಲ್ಲ. ಶುಕ್ರವಾರಕ್ಕೆ ಜಾಹಾ ಬರಲಿ, ಅಂದರೆ ಹೆಣ್ಣು ಕೇಳುವ ಹಿರಿಯರ ದಂಡು ಬರಲಿ, ಎಂದು ನಿಶ್ಚಯವಾಯಿತು.

ಇನ್ಶಿರಾಹ್ ನೇರ ಡಾಕ್ಟರ್ ಬಳಿ ಓಡಿದಳು. ಡಾಕ್ಟರ್ ರುದೈನಾ ಕೇಳುತ್ತಾ ಕೇಳುತ್ತಾ ನಗಲಾರಂಭಿಸಿ, ನಕ್ಕು ನಕ್ಕು ಕುರ್ಚಿಯಿಂದ ಜಾರಿ, ಕೊನೆಗೆ ಕಣ್ಣೊರೆಸಿಕೊಂಡು ಗಂಭೀರಳಾದಳು.

"ಆ ಅಂಗಡಿ ಇವತ್ತಿಂದ ಅಧ್ಯಯನದಲ್ಲಿಲ್ಲ. ನೀವು ಇನ್ನು ಅಲ್ಲಿ ಒಂದು ಪ್ರಶ್ನೇನೂ ಕೇಳಬಾರದು. ಆದ್ರೆ ನೀವು ಹೇಳಿ, ನಿಮಗೇನು ಬೇಕು?"

"ನಂಗೆ ಗೊತ್ತಿಲ್ಲ ಡಾಕ್ಟ್ರೇ. ಆ ಮನುಷ್ಯ ನಾನು ಅವನನ್ನೇ ನೋಡ್ತಿದ್ದೆ ಅಂದ್ಕೊಂಡು ಮೀಸೆಗೆ ಬಣ್ಣ ಹಾಕಿದಾನೆ. ಸುಳ್ಳಿನ ಮೇಲೆ ಹೇಗೆ ಹೂಂ ಅನ್ನಲಿ? ನಿಜ ಹೇಳಿ ಹೇಗೆ ಆ ಮುಖ ನೋಡಲಿ?"

ಶುಕ್ರವಾರ ಜೊತೆಗಿರುತ್ತೇನೆ ಎಂದಳು ಡಾಕ್ಟರ್.

ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜಿನ ನಂತರ ದಂಡು ಜೋಫೆಯ ಮೆಟ್ಟಿಲು ಹತ್ತಿತು. ಹತ್ತಿತು ಎನ್ನುವುದಕ್ಕಿಂತ ಏದಿತು ಎನ್ನಬೇಕು. ನಡುವೆ ಅರ್ಧ ಜನ ದಮ್ಮು ಹತ್ತಿ ಕೂತರು. ಹತ್ತಿದ ದಮ್ಮು ಇಳಿಯಲೆಂದು ತಲೆಗೊಂದು ದಮ್ಮು ಎಳೆದರು. ಕಿಟಕಿಯಿಂದ ನೋಡುತ್ತಿದ್ದ ಡಾಕ್ಟರ್ ಹಣೆ ಚಚ್ಚಿಕೊಂಡಳು. ಅತಿಥಿಗಳಿಗೆಂದು ನುಹಾದ್ ತಟ್ಟೆಯಲ್ಲಿ ಹೂವಿನಾಕಾರದಲ್ಲಿ ಜೋಡಿಸಿಟ್ಟ ಸಿಗರೇಟುಗಳನ್ನು ಇನ್ಶಿರಾಹ್ ತಟ್ಟೆಸಮೇತ ಎತ್ತಿ ಒಲೆಯ ಗೂಡಿಗೆ ತಳ್ಳಿ ಬಾಗಿಲು ಮುಚ್ಚಿದಳು. ನುಹಾದ್ ಅವುಗಳನ್ನು ಇಡೀ ಸಂಜೆ ಹುಡುಕಿದಳು.

ಗಂಡಸರು ನಡುಮನೆಯಲ್ಲಿ ಕೂತರು. ಹೆಂಗಸರು ಅಡುಗೆಮನೆಯ ಪರದೆಯ ಹಿಂದೆ, ಒಬ್ಬರ ಭುಜದ ಮೇಲೊಬ್ಬರ ಗಲ್ಲ. ದಂಡಿನ ಹಿರಿಯ, ನಿವೃತ್ತ ಮೇಷ್ಟರು, ತಮ್ಮ ಮುಂದೆ ಬಂದ ಕಹಿಕಾಫಿಯ ಬಟ್ಟಲನ್ನು ಮುಟ್ಟದೆ ಮೇಜಿನ ಮೇಲಿಡಿಸಿದರು.

"ನಮ್ಮ ಕೆಲಸ ಆಗೋವರೆಗೆ ನಿಮ್ಮ ಕಾಫಿ ಕುಡಿಯಲ್ಲ, ಶಿಹಾದೆಯವರೇ."

"ಹುಡುಗನಿಗೆ ಏನಿದೆ?" ಎಂದು ಮಾವ ಶಿಹಾದೆ ಕೂಗಿದ. ಹುಡುಗ ಮೂಲೆಯಲ್ಲಿ ಹೊಸ ಸೂಟು ಹಾಕಿಕೊಂಡು ಬೆವರುತ್ತಿದ್ದ.

"ಏನಿಲ್ಲ ಕೇಳಿ! ಶಾಲೆ ಮುಂದೆ ಅಂಗಡಿ. ಅಂಗಡಿ ತುಂಬಾ ಗಾಜಿನ ಕಪಾಟು, ರಾಜರ ಮನೇಲೂ ಇರಲ್ಲ ಅಂಥಾದ್ದು. ಅದಕ್ಕೆ ದೀಪ. ಹೊರಗೆ ಕೊಡೆ. ಗೋಡೆ ಗಡಿಯಾರ…"

"ಮೇಷ್ಟ್ರೇ, ನಿಲ್ಲಿಸಿ," ಎಂದು ಅಬೂ ರಾಕಾನ್ ಎದ್ದು ನಿಂತ.

ಜಾಹಾದಲ್ಲಿ ಗಂಡು ಮಾತಾಡುವ ಪದ್ಧತಿಯೇ ಇಲ್ಲ.

"ಕಪಾಟು ನನ್ನದಲ್ಲ. ಸಿಗರೇಟು ಕಂಪನೀದು. ದೀಪ ಅವರದ್ದು, ದೀಪದ ಕರೆಂಟಿನ ಬಿಲ್ಲೂ ಅವರೇ ಕಟ್ಟೋದು. ಕೊಡೆ ಅವರದ್ದು, ಗಡಿಯಾರ ಅವರದ್ದು, ಚಿಲ್ಲರೆ ಕೊಡೋ ತಟ್ಟೆ ಅವರದ್ದು. ಆ ಹಣ್ಣಿನ ರುಚಿಯ ಮಾಲು ಮಕ್ಕಳ ಕಣ್ಣಿಗೆ ಬೀಳೋ ಹಾಗೆ ನಡುವೆ ಇಡು ಅಂತ ತಿಂಗಳಿಗೊಮ್ಮೆ ಒಬ್ಬ ಹುಡುಗ ಬಂದು ಲಕೋಟೆ ಕೊಟ್ಟು ಹೋಗ್ತಾನೆ. ನನ್ನ ಹಿಂದಿನ ಗೋಡೇನ ಅವರಿಗೆ ಬಾಡಿಗೆಗೆ ಕೊಟ್ಟಿದೀನಿ. ಅಲ್ಲಿ ತಲೆ ಒಂದು ಮಾತ್ರ ನನ್ನ ಸ್ವಂತದ್ದು." ಉಸಿರೆಳೆದುಕೊಂಡ. "ಆ ಹೆಣ್ಣುಮಗಳು ಕೇಳಿದಾಗ ಎಲ್ಲಾ ನನ್ನದೇ ಅಂದಿದ್ದೆ. ಕಾಫಿ ಮುಂದಿಟ್ಕೊಂಡು ಸುಳ್ಳು ಹೇಳಬಾರದು."

ಮಾವ ಶಿಹಾದೆಗೆ ಪಕ್ಕದವನು ಕಿವಿಯಲ್ಲಿ ಎಲ್ಲವನ್ನೂ ಮತ್ತೆ ಕೂಗಿ ಹೇಳಿದ.

"ಮಗಾ," ಎಂದ ಮಾವ, "ಬಾಯಿ ಮುಚ್ಕೊಂಡು ಕೂತಿದ್ರೆ ಇಷ್ಟೊತ್ತಿಗೆ ಮದುವೆ ಆಗೋಗಿರ್ತಿತ್ತು."

ನಗೆ ಸಿಡಿಯಿತು. ಪರದೆಯ ಹಿಂದೆ ಡಾಕ್ಟರ್ ಇನ್ಶಿರಾಹಳ ತೋಳನ್ನು ಹಿಂಡುತ್ತಿದ್ದಳು. "ಕೇಳಿದ್ರಾ? ಮೂರು ತಿಂಗಳಿಂದ ಬೇಕಾಗಿದ್ದ ಉತ್ತರ! ಒಂದಕ್ಷರ ಬರ್ಕೊಳ್ಳೋ ಹಾಗಿಲ್ಲ! ಹೆಣ್ಣು ಕೇಳೋಕೆ ಬಂದವನ ಮಾತು!"

ಇನ್ಶಿರಾಹಳಿಗೆ ಉತ್ತರ ಬೇಕಾಗಿರಲಿಲ್ಲ. ಅಷ್ಟು ಜನರ ಮುಂದೆ ಒಬ್ಬ ಮನುಷ್ಯ ತನ್ನ ಸುಳ್ಳನ್ನು ಬಿಚ್ಚಿ ಮೇಜಿನ ಮೇಲಿಟ್ಟಿದ್ದ. ಅವಳದು ಇನ್ನೂ ಗಂಟಲಲ್ಲೇ ಇತ್ತು.

"ಹೇಳಬಹುದಾ ಡಾಕ್ಟ್ರೇ?"

ಡಾಕ್ಟರ್ ಅವಳ ಮುಖ ನೋಡಿದಳು. "ಅಂಗಡಿ ಬಿಟ್ಟಾಯ್ತಲ್ಲ. ಇನ್ನು ಅದು ನಿಮ್ಮ ಗುಟ್ಟು, ನನ್ನದಲ್ಲ. ಬೇರೆ ಅಂಗಡಿಗಳ ಹೆಸರು ಮಾತ್ರ ಬಾಯಿಂದ ಬರಬಾರದು."

ಹೆಣ್ಣು ಗಂಡು ಒಂದು ಮಾತಾಡಿಕೊಳ್ಳಲಿ ಎಂದು ನುಹಾದ್ ಹೊರಗೆ ಹೇಳಿಕಳಿಸಿದಳು. ಬಾಲ್ಕನಿಯಲ್ಲಿ ಇಬ್ಬರೂ ನಿಂತರು; ಕಾವಲಿಗೆ ಮಾವ ಶಿಹಾದೆ, ಕುರ್ಚಿಯಲ್ಲಿ, ಕಣ್ಣು ಮುಚ್ಚಿ. ಎದುರಿಗೆ ತಾಜ್ ಗುಡ್ಡ.

"ನಾನು ನಿಮ್ಮನ್ನ ನೋಡೋಕೆ ಬರ್ತಿರಲಿಲ್ಲ," ಎಂದಳು ಇನ್ಶಿರಾಹ್, ಒಂದೇ ಉಸಿರಿಗೆ. "ನಿಮ್ಮ ಹಿಂದಿನ ಕಪಾಟು ನೋಡೋಕೆ ಬರ್ತಿದ್ದೆ. ಕಂಪನಿಯವರು ಮಕ್ಕಳಿಗೆ ಏನು ತೋರಿಸ್ತಾರೆ ಅಂತ ನೋಡೋದೇ ನನ್ನ ಕೆಲಸ. ಗಮ್ ಕೇಳ್ತಿದ್ದಿದ್ದು ನೀವು ಬಗ್ಗಲಿ ಅಂತ."

ಅಬೂ ರಾಕಾನ್ ಎದುರಿನ ತನ್ನ ಗುಡ್ಡದ ಕಡೆ ತಿರುಗಿದ.

"ಕಪಾಟು."

"ಹೂಂ."

"ಲೇಸು ಕಟ್ತಿದ್ದಿದ್ದು?"

"ಮಕ್ಕಳ ಎತ್ತರದಿಂದ ಫೋಟೋ."

"ನಾನು ಮೀಸೆಗೆ ಬಣ್ಣ ಹಾಕಿದ್ದು?"

"ಹಬ್ಬಕ್ಕೆ ಅಂದ್ಕೊಂಡೆ."

"ಹಬ್ಬ ಕಳೆದು ತಿಂಗಳಾಗಿತ್ತು!" ಅವನ ದನಿ ಒಡೆಯಿತು. "ಸಿತ್ತ್ ಇನ್ಶಿರಾಹ್, ಆ ದೀಪ ಹಾಕಿದಾಗಿಂದ ಅಂಗಡಿಗೆ ಬರೋರೆಲ್ಲಾ ನನ್ನ ತಲೆ ದಾಟಿ ಅದನ್ನೇ ನೋಡ್ತಾರೆ. ನೀವೊಬ್ರು ನನ್ನ ನೋಡ್ತೀರಿ ಅಂದ್ಕೊಂಡಿದ್ದೆ. ಒಳಗೆ ಊರೇ ಕೂತಿದೆ. ನಾನೀಗ ಹೋಗಿ ಏನನ್ನಲಿ? ಏಳಿ, ಅವರು ನೋಡಿದ್ದು ಮಾವಿನ ಹಣ್ಣಿನ ಸಿಗರೇಟನ್ನ, ಅಂತಲಾ?"

ಇನ್ಶಿರಾಹ್ ಕಬ್ಬಿಣದ ಕಂಬಿ ಹಿಡಿದುಕೊಂಡಳು.

"ನಿಮಗೆ ಹಲ್ಲುನೋವು ಬಂದಿತ್ತಲ್ಲ. ಅವತ್ತು ನಿಮ್ಮ ತಮ್ಮ ಕೂತಿದ್ರು. ಗೋಡೆ ಪೂರ್ತಿ ಸಿಕ್ತು. ಡಾಕ್ಟ್ರು ಹೊಗಳಿದ್ರು. ನಾನು ಅವತ್ತು ಕೆಳಗಿಳಿದು ಹೋದವಳು, ಮತ್ತೆ ಮೆಟ್ಟಿಲು ಹತ್ತಿ ಬಂದೆ. ನೀವು ಬಂದಿರಬಹುದೇನೋ ಅಂತ. ಇನ್ನೊಂದು ಗಮ್ ತಗೊಂಡೆ. ಆಮೇಲೆ ಮನೆಗೆ ಹೋಗಿ, ಉಪ್ಪಿರೋ ಬೇಳೆಗೆ ಉಪ್ಪಿಲ್ಲ ಅಂತ ಜಗಳ ಆಡಿದೆ."

"ಯಾಕೆ?"

"ಆವಾಗ ಗೊತ್ತಾಗಲಿಲ್ಲ."

"ಈಗ?"

"ಈಗ ನೀವು ಎದ್ದು ನಿಂತು ಕಪಾಟು ನಂದಲ್ಲ ಅಂದ್ರಲ್ಲ, ಆವಾಗ ಗೊತ್ತಾಯ್ತು."

ಅಬೂ ರಾಕಾನನ ಮೀಸೆ ಮೊದಲು ಒಂದು ತುದಿಯಲ್ಲಿ ಅಲುಗಿತು, ಆಮೇಲೆ ಇನ್ನೊಂದು ತುದಿಯಲ್ಲಿ. ನಗು ಹೊಟ್ಟೆಯಿಂದ ಎದ್ದು ಹೊಸ ಸೂಟಿನ ಗುಂಡಿಯೊಂದನ್ನು ಹಾರಿಸಿತು. "ನಾನು ಅಡ್ಡ ಕೂತಾಗೆಲ್ಲಾ ಬೈಕೋತಿದ್ರಾ?"

"ಬಾಯ್ತುಂಬಾ!"

"ನೀವು ಒಳಗೆ ಹೋಗಿ ಕಾಫಿ ಕುಡೀರಿ ಅಂತ ಹೇಳ್ತೀರೋ, ನಾನು ಹೇಳಲೋ?" ಎಂದ ಮಾವ ಶಿಹಾದೆ, ಕಣ್ಣು ಮುಚ್ಚಿಕೊಂಡೇ. ಬೇಕಾದಾಗ ಅವನ ಕಿವಿ ಕೇಳುತ್ತಿತ್ತು.

ಕಾಫಿ ಆರಿ ತಣ್ಣಗಾಗಿತ್ತು. ಮೇಷ್ಟರು ಒಂದೇ ಗುಟುಕಿಗೆ ಕುಡಿದು ಮುಖ ಹಿಂಡಿದರು. ಸಂಬಂಧ ಗಟ್ಟಿಯಾಗಲೆಂದು ಫಾತಿಹಾ ಓದಿದರು. ನುಹಾದ್ ಇಡೀ ಗುಡ್ಡಕ್ಕೆ ಕೇಳುವಂತೆ ನಾಲಿಗೆ ಕುಣಿಸಿ ಮಂಗಳದ ಕೇಕೆ ಹಾಕಿದಳು, ಸಿಹಿಗೆಂದು ಕುನಾಫಾ ಬಂತು, ಅದನ್ನು ಬಿಸಿಮಾಡಲು ಒಲೆ ಹೊತ್ತಿಸಿದರು. ಒಲೆಯ ಗೂಡಿನಲ್ಲಿದ್ದ ಸಿಗರೇಟಿನ ಹೂವೂ ಜೊತೆಗೇ ಹೊತ್ತಿಕೊಂಡು, ಯಾರೂ ಸೇದದೆಯೇ ಎಲ್ಲರೂ ಕೆಮ್ಮಿದರು.

ಮರುವಾರ ಅಬೂ ರಾಕಾನ್ ಅದೇ ಸೂಟಿನಲ್ಲಿ, ಗುಂಡಿ ಹೊಲಿಸಿಕೊಂಡು, ತಾನಾಗಿಯೇ ವಿಶ್ವವಿದ್ಯಾಲಯಕ್ಕೆ ಹೋಗಿ ಡಾಕ್ಟರ್ ರುದೈನಾಳ ಎದುರು ಕೂತ. ಲಕೋಟೆ ಯಾರು ತರುತ್ತಾರೆ, ಯಾವ ಸಾಲಿಗೆ ಎಷ್ಟು, ದೀಪ ಯಾವ ಗಂಟೆಗೆ ಹೊತ್ತಬೇಕೆಂಬ ಕಟ್ಟಳೆ, ಎಲ್ಲವನ್ನೂ ಹೇಳಿದ. "ಬರ್ಕೊಳ್ಳಿ ಡಾಕ್ಟ್ರೇ. ಹೆಣ್ಣು ಕೇಳೋ ಕೆಲಸ ಮುಗೀತಲ್ಲ," ಎಂದ. ಬಾಡಿಗೆ ಇಲ್ಲದಿದ್ದರೆ ಅಂಗಡಿ ನಡೆದೀತೇ ಎಂಬ ಚಿಂತೆ ಅವನಿಗಿತ್ತು. ಆದರೂ ಮದುವೆಗೆ ಮುಂಚೆ ಕಪಾಟು ಒಯ್ಯಿರೆಂದು ಕಂಪನಿಗೆ ಹೇಳಿಕಳಿಸಿದ.

ಒಯ್ದ ದಿನ ಇನ್ಶಿರಾಹ್ ಲೇಸಿನ ಷೂ ಹಾಕಿಕೊಂಡು ಹೋದಳು. ಗೋಡೆಯ ಮೇಲೆ ಕಪಾಟು ಇದ್ದಷ್ಟು ಜಾಗ ಹೊಸ ಬಣ್ಣದಲ್ಲಿ ಉಳಿದಿತ್ತು, ಸುತ್ತಲೂ ಮಾಸಲು. ಅಬೂ ರಾಕಾನ್ ಕುರ್ಚಿಯನ್ನು ಒಂದು ಮೂಲೆಗೆ ಎಳೆದುಕೊಂಡು ಕೂತಿದ್ದ. ದೀಪವಿಲ್ಲದೆ ಚಿಕ್ಕವನಾಗಿಬಿಟ್ಟವನಂತೆ.

ಇನ್ಶಿರಾಹ್ ಫೋನ್ ಎತ್ತಿದಳು, ಮೊದಲ ಸಲ ಮೆಸೇಜು ಓದುವವಳಂತೆ ನಟಿಸದೆ.

"ಸ್ವಲ್ಪ ಸರೀರಿ," ಎಂದಳು.

"ಯಾವ ಕಡೆ?"

"ಈ ಕಡೆ. ಇನ್ನೂ ಸ್ವಲ್ಪ. ಹಾಂ, ನಟ್ಟನಡುವಿಗೆ."